ಗುಂಡಿಗಿ ಏನ್ ಕಡೀತು

ಬಾಯಿ ಒಂದ್ ಕಡೆ ಉಬ್ಬಿಸಿಕೊಂಡು
ಪೇಡೆ ಕದ್ದ ಹುಡುಗನ್ಹಂಗ ಬಂದು ಕುಂತ್ಳು
ಮಷೀನಿನ ಪೆಡಲ್ ಮ್ಯಾಲೆ.
ನಾ ಮೊದಲ ನಕ್ಕಬಿಟ್ಟೆ.
ಅದನ್ನ ಈಗ್ಲೇ ಹೇಳಿಬಿಡತೀನಿ,
ಆಮ್ಯಾಲ ಒಳ್ಳೆಯಾಕಿ ಅನಸಕೊಳ್ಳೂದು ಬ್ಯಾಡ.

ಮೇ ತಿಂಗಳ ಕಡೀ ವಾರ. ಸೊಲ್ಲಾಪುರದ ಬಿಸಲಿಗಿ
ನೀಲಂ ನಗರದ ತಗಡೆಲ್ಲಾ ಟಣ್ ಟಣ್ ಅಂತಿದ್ವು.
ನೂರಾ ನಲವತ್ತು ಬಿಳೀ ಅಂಗಿ, ಅಂಗಿಗೊಂದು ಏಳು ಗುಂಡಿ,
ಸಾಲಿ ಶುರುವಾಗೂದರಾಗ ಶೇಠ್‌ನ ಗೋದಾಮು ಮುಟ್ಟಬೇಕು.
ಏಳರಾಗ ಒಂದು ಜಾರಿ ಉರುಳೂದು,
ಈಕಿ ಅದರ ಹಿಂದ ಓಡೂದು,
ಹಂಗಾಗೇ ಗುಂಡಿ ಅಂತ ಕರದ್ವಿ.

ತುಟಿ ದಪ್ಪಾತು. ಕಣ್ಣು ಸಣ್ಣಾತು,
ಹೊಲಿಗಿ ಬಿಗಿಯಾದ ಕಾಜದಂಗ.
ಜೊಲ್ಲು ನೂಲಾಗಿ ಇಳೀತು. ಆಗ ನಗು ನಿಂತ್ತು.

ಅತ್ತಿ ಸುಣ್ಣದ ಡಬ್ಬಿ ತಗದ್ಳು: ಹಚ್ಚ.
ನೆಕ್ಕತಾಳ್ರೀ, ನಾಲಿಗಿ ಸುಡತೈತಿ ಅಂದೆ.
ದವಡ್ಯಾಗಿನ ತಂಬಾಕ ಆಕಡಿಂದ ಈಕಡಿ ಸರಿಸಿ
ನಲವತ್ ವರ್ಷಾತು, ನನ್ನ ನಾಲಿಗಿ ಸುಟ್ಟೈತೇನು? ಅಂದ್ಳು.
ಮಗ್ಗಲ ಮನಿ ಸುಗುಣಕ್ಕ ಯೆಮುಲ
ಜ್ವರದ ಗುಳಿಗಿ ಅರ್ಧಾ ಮುರದು ಅಂಗೈಯಾಗ ಹಿಡಕೊಂಡು ಬಂದಿದ್ಳು,
ಪ್ರೀತಿಲೇ.
ದವಾಖಾನಿಗಿ ಫೋನ್ ಹಚ್ಚಿದ್ದು ಚೊಲೋ ಆತು:
ಮನಶ್ಯಾರ ಗುಳಿಗಿ ಬೆಕ್ಕಿಗಿ ವಿಷ, ತಾಯಿ, ಕೊಡಬ್ಯಾಡ, ಕರಕೊಂಡ ಬಾ.
ಸುಗುಣಕ್ಕ ಆ ಅರ್ಧಾ ಗುಳಿಗಿ ತಾನೇ ನುಂಗಿದ್ಳು.
ತಲಿ ನೋಯತಿತ್ತಂತ.

ಅಂಗಿ ಒಯ್ಯೂ ಚೀಲದಾಗ ಬೆಕ್ಕು. ರಿಕ್ಷಾ.
ಡಾಕ್ಟರ್ ಅಂದ್ರ ಸಣ್ಣ ಹುಡುಗಿ, ಕೈತುಂಬ ಪರಚಿದ ಗೀರು.
ಕಾಯ್ ಚಾವಲಂ?
ಗೊತ್ತಿಲ್ಲ.
ಗಾಂಧೀಲ್‌ಮಾಶೀ ಕಾ?
ನಮ್ಮ ಮನ್ಯಾಗ ಅದು ಕಣಜ, ಸುಗುಣಕ್ಕನ ಮನ್ಯಾಗ ಕಂದಿರೀಗ,
ಮೂರೂ ಹೆಸರು ಬರತಾವು ನನಗ,
ಹುಳಾ ಮಾತ್ರ ಕಣ್ಣಿಲೆ ಕಂಡಿಲ್ಲ.
ಪಾಹಿಲಂ ನಾಹೀ? ಒಂದೇ ಖೋಲಿ ಅಂತೀರಿ,
ಕಣ್ಣೆಲ್ಲಿತ್ತು?
ಗುಂಡೀ ಮ್ಯಾಲೇ ಇತ್ತು, ಡಾಕ್ಟರೇ,
ಇನ್ನೊಂದು ಗುಂಡೀ ಮ್ಯಾಲೆ.

ಬ್ಯಾಟರಿ ಹಿಡದು ತುಟಿ ಮಗಚಿ ನೋಡಿದ್ಳು. ಮುಳ್ಳಿಲ್ಲ.
ಕಡದಿರಬೇಕು ಅಂದ್ಳು. ಇರಬೇಕು, ಅಷ್ಟ.
ತೊಡಿಗೊಂದು ಸೂಜಿ.
ಸೂಜಿ ಕಂಡ ನನ್ನ ತೋರಬೆರಳು ತಾನೇ ಮಡಚಿತು.
ಹೋದ ವರ್ಷ ಮಷೀನಿಂದು ಉಗುರಾಗ ಹೊಕ್ಕು ಹೊರಗ ಬಂದಾಗ
ಶೇಠ್ ಕೇಳಿದ್ದು ಒಂದೇ ಮಾತು:
ಅಂಗಿಗಿ ಕಲಿ ಹತ್ತೈತೇನು?

ಉಸರು ಎಣಸ್ರಿ, ನಿಮಿಷಕ್ಕ ನಲವತ್ತು ದಾಟಿದ್ರ ರಾತ್ರಿಯಾದ್ರೂ ಬರ್ರಿ.
ಎಣಸೂದು ನನಗ ಕಲಸಬೇಕೇನು?
ಹಸೀ ಅರಿವಿ ಗಲ್ಲಕ್ಕ ಒತ್ತಿ ಕುಂತೆ.
ಮೂವತ್ತಾರು.
ಅತ್ತಿ ಎದ್ದು ನೀರು ಕುಡದ್ಳು. ಎಷ್ಟು? ಅಂದ್ಳು.
ಮೂವತ್ನಾಕು.
ಪಾವರ್‌ಲೂಮ್ ಎರಡನೇ ಪಾಳಿ ಬಿಟ್ಟು ಸೈಕಲ್ ಹೊಂಟ್ವು.
ಇಪ್ಪತ್ತೊಂಬತ್ತು.
ಅತ್ತಿ ಮತ್ತ ಎದ್ಳು, ಈ ಸಲ ನೀರಡಿಕಿ ಇರಲಿಲ್ಲ.
ಬಾಜೂಕ ಕುಂತು ಸುಣ್ಣದ ಡಬ್ಬಿ ಮುಚ್ಚಿ, ತಗದು, ಮುಚ್ಚಿ,
ನಮ್ಮವ್ವನೂ ಹಿಂಗ ಎಣಸತಿದ್ಳು, ನಾ ಕೂಸಿದ್ದಾಗ, ಅಂದ್ಳು.
ಆಕಿ ಕೂಸಿದ್ಳು ಅನ್ನೂದು ನನಗ ಆವತ್ತೇ ಹೊಳದದ್ದು.
ಎಣಿಕಿ ತಪ್ಪಿತು. ಮತ್ತ ಒಂದರಿಂದ.

ಮುಂಜಾನೆ ಗಲ್ಲ ಇಳದಿತ್ತು.
ಅನ್ನಾ ಮೀನು ನೆಕ್ಕಿ, ಜೊಲ್ಲ ಬಿದ್ದ ಅಂಗಿ ಮ್ಯಾಲೇ ಮಲಗಿದ್ಳು.
ಕಿಡಕಿಯಾಗ ಏನೋ ಗುಂಯ್ ಅಂತು, ನಾ ತಿರುಗಿ ನೋಡೂದರಾಗ ಇಲ್ಲ.

ನೂರಾ ನಲವತ್ತೂ ಮುಟ್ಟಿದ್ವು, ಒಂದು ದಿನ ತಡಾ, ಪಗಾರದಾಗ ಕಟ್.
ಅದರಾಗೊಂದಕ್ಕ ಮ್ಯಾಲಿನಿಂದ ಎರಡನೇ ಗುಂಡಿ ಹಚ್ಚೂವಾಗ
ನೂಲಿನ ಜೊತಿ ಒಂದು ಕಂದು ಕೂದಲೂ ಹೊಲಿಗಿಗಿ ಹೋತು.
ಕಂಡಿದ್ದೆ. ತಗೀಲಿಲ್ಲ.
ಲಾತೂರೋ ಪಂಢರಪುರೋ, ಯಾವ ಸಾಲ್ಯಾಗೋ
ಪ್ರಾರ್ಥನಾ ನಡದಾಗ ಒಂದು ಹುಡುಗ
ಎದಿ ಕೆರಕೋತಾನ,
ಮಾಸ್ತರು ಕೇಳತಾರ: ಏನ್ ಕಡೀತೋ?
ಅವನಿಗೂ ಗೊತ್ತಿಲ್ಲ.